ಅಕ್ಟೋಬರ್‌ನಲ್ಲಿ ವಿಯೆಟ್ನಾಂ: ಮೊದಲು ಮಳೆ ನೋಡಿ, ಆಮೇಲೆ ಟಿಕೆಟ್

ಪ್ರಶ್ನೆ: ನಾನು ಬ್ಯಾಂಕ್ ಕೆಲಸದಿಂದ ನಿವೃತ್ತಳಾದವಳು. ರಾಜಾಜಿನಗರದಲ್ಲಿ ಮನೆ. ನಾನು, ನಮ್ಮ ಯಜಮಾನರು, 74 ವರ್ಷದ ನಮ್ಮ ಅತ್ತೆ ಅಕ್ಟೋಬರ್ ಕೊನೆಯಲ್ಲಿ ಹತ್ತು ದಿನ ವಿಯೆಟ್ನಾಂಗೆ ಹೋಗೋಣ ಅಂದುಕೊಂಡಿದ್ದೇವೆ. ಹನೋಯ್, ಡಾ ನಾಂಗ್, ಹೋಯ್ ಆನ್, ಹೋ ಚಿ ಮಿನ್ ಸಿಟಿ ನೋಡುವ ಆಸೆ. ಟಿಕೆಟ್ ಇನ್ನೂ ತೆಗೆದಿಲ್ಲ. ನಾವು ಸಸ್ಯಾಹಾರಿಗಳು. ಅತ್ತೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. "ಎಲ್ಲಾ ಫೋನಲ್ಲೇ ಸಿಗತ್ತೆ ಅಮ್ಮಾ, ಸುಮ್ನೆ ಹೊರಡಿ" ಅನ್ನುತ್ತಾನೆ ಮಗ. ಒಂದು ದೇಶಕ್ಕೆ ಹೋಗುವ ಮುಂಚೆ ಅಲ್ಲಿನ ಇತಿಹಾಸ, ಊಟ, ಹವೆ ಸ್ವಲ್ಪವಾದರೂ ಗೊತ್ತಿರಬೇಕು ಅಂತ ನನಗೆ. ಎಷ್ಟು ತಿಳಿದುಕೊಂಡರೆ ಸಾಕು? ಎಲ್ಲಿಂದ ಶುರು ಮಾಡಲಿ? ಎಂಟಿಆರ್ ಪ್ಯಾಕೆಟ್ ಎಷ್ಟು ಒಯ್ಯಲಿ?

ಉತ್ತರ:

ಟಿಕೆಟ್ ಇನ್ನೂ ತೆಗೆದಿಲ್ಲ ಅಂದಿರಲ್ಲ, ಅದೇ ಒಳ್ಳೆಯದಾಯಿತು. ನಿಮ್ಮ ಪಟ್ಟಿಯ ನಾಲ್ಕು ಊರುಗಳಲ್ಲಿ ಎರಡು ಅಕ್ಟೋಬರ್ ಕೊನೆಯಲ್ಲಿ ಹೋಗುವಂಥವಲ್ಲ.

ನಿಮ್ಮ ಮಗ ಹೇಳುವುದು ಸುಳ್ಳಲ್ಲ. ಫೋನಿನಲ್ಲಿ ಎಲ್ಲವೂ ಸಿಗುತ್ತದೆ. ಆದರೆ ನಾವು ಕೇಳಿದ್ದಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ. ಏನು ಕೇಳಬೇಕು ಅನ್ನುವಷ್ಟು ನಮಗೇ ಗೊತ್ತಿರಬೇಕು, ಅಲ್ವಾ? ಇಪ್ಪತ್ತು ವರ್ಷ ಬೆಂಗಳೂರಿನಿಂದ ಆ ಕಡೆಯ ದೇಶಗಳಿಗೆ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಹೆಚ್ಚಿನವರು ಮೊದಲು ತಿಂಡಿಯ ವಿಡಿಯೊ ನೋಡುತ್ತಾರೆ, ಆಮೇಲೆ ಕಡಿಮೆ ದರದ ಟಿಕೆಟ್ ಹುಡುಕುತ್ತಾರೆ, ಹೊರಡುವ ಹಿಂದಿನ ವಾರ ಹವೆ ನೋಡುತ್ತಾರೆ. ಇದು ತಲೆಕೆಳಗು. ಹವೆ ನೋಡುವುದು ಟಿಕೆಟ್ ತೆಗೆಯುವ ಮುಂಚೆ, ಊಟದ ವಿಚಾರ ಚೀಲ ಕಟ್ಟುವ ಮುಂಚೆ. ಇತಿಹಾಸಕ್ಕೆ ವಿಮಾನ ಹತ್ತುವವರೆಗೂ ಸಮಯವಿದೆ.

ಇದನ್ನು ನಾನೂ ಪೆಟ್ಟು ತಿಂದೇ ಕಲಿತದ್ದು. ಒಂದು ವರ್ಷ ಹದಿನಾಲ್ಕು ಜನರನ್ನು ಕರೆದುಕೊಂಡು ಅಕ್ಟೋಬರ್ ಕೊನೆಯಲ್ಲೇ ಹೋಗಿದ್ದೆ. ಹನೋಯ್‌ನಲ್ಲಿ ಮೂರು ದಿನ ಎಂಥಾ ಹವೆ ಅಂತೀರಿ! ಎಳೆ ಬಿಸಿಲು, ತಂಪು ಗಾಳಿ, ನಮ್ಮ ಬೆಂಗಳೂರಿನ ಡಿಸೆಂಬರ್ ಬೆಳಗಿನ ಹಾಗೆ. ಎಲ್ಲರೂ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ನಾಲ್ಕನೇ ದಿನ ಹೋಯ್ ಆನ್‌ಗೆ ಬಂದೆವು. ರಾತ್ರಿಯಿಡೀ ಮಳೆ. ಬೆಳಿಗ್ಗೆ ನೋಡಿದರೆ ಹೋಟೆಲಿನ ಮೂರನೇ ಮೆಟ್ಟಿಲವರೆಗೆ ಕೆಂಪು ನೀರು. ಅಲ್ಲಿನ ಹುಡುಗರಿಗೆ ಗಾಬರಿಯೇ ಇಲ್ಲ. ಕುರ್ಚಿ, ಮೇಜು, ಅಕ್ಕಿ ಮೂಟೆ ಎಲ್ಲವನ್ನೂ ಮಹಡಿಗೆ ಸಾಗಿಸುತ್ತಿದ್ದರು. ನಮ್ಮ ಸೂಟ್‌ಕೇಸ್‌ಗಳು ದೋಣಿಯಲ್ಲಿ ಹೊರಗೆ ಬಂದವು. ತಪ್ಪು ಯಾರದ್ದೂ ಅಲ್ಲ, ನನ್ನದೇ. ಹನೋಯ್‌ನ ಹವೆ ನೋಡಿ ಇಡೀ ದೇಶಕ್ಕೆ ಅಂದಾಜು ಹಾಕಿದ್ದೆ. ಆಮೇಲೆ ಅಲ್ಲಿನ ಹಳೆಯ ಮನೆಯೊಂದಕ್ಕೆ ಹೋದಾಗ ಗೋಡೆಯ ಮೇಲೆ ಗೆರೆ ಎಳೆದು ಯಾವ ವರ್ಷ ಎಷ್ಟು ನೀರು ಬಂತು ಅಂತ ಗುರುತು ಮಾಡಿಟ್ಟಿದ್ದು ಕಂಡಿತು. ಕೆಲವು ಗೆರೆ ನನ್ನ ತಲೆಗಿಂತ ಮೇಲಿದ್ದವು. ಮಹಡಿಯ ಹಲಗೆಯಲ್ಲಿ ಒಂದು ಕಿಂಡಿ ಬಿಟ್ಟಿರುತ್ತಾರೆ. ನೀರು ಏರಿದಾಗ ಸಾಮಾನನ್ನು ಅದರಿಂದ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಊರಿನ ಮನೆಗಳೇ ಹೇಳುತ್ತಿದ್ದುದನ್ನು ನಾನು ಮೊದಲು ಓದಿರಲಿಲ್ಲ.

ಹೀಗೇಕೆ ಅಂತ ಗೊತ್ತಾದರೆ ನೀವು ಮತ್ತೆ ಮರೆಯುವುದಿಲ್ಲ. ವಿಯೆಟ್ನಾಂ ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್ ಉದ್ದ. ಹೆಚ್ಚುಕಡಿಮೆ ಬೆಂಗಳೂರಿನಿಂದ ದೆಹಲಿಗೆ ಹಾರುವಷ್ಟು ದೂರ. ಜನವರಿಯಲ್ಲಿ ದೆಹಲಿಗೂ ಬೆಂಗಳೂರಿಗೂ ಒಂದೇ ಸ್ವೆಟರ್ ಆಗುತ್ತದೆಯೇ? ಆದರೆ ಅಗಲ ಮಾತ್ರ ಬಲು ಕಡಿಮೆ. ತೀರಾ ಸಣ್ಣ ಕಡೆ 50 ಕಿಲೋಮೀಟರ್ ಅಷ್ಟೇ. ಪಶ್ಚಿಮದ ಅಂಚಿನಲ್ಲಿ ನಮ್ಮ ಘಟ್ಟದ ಹಾಗೆ ಉದ್ದಕ್ಕೂ ಬೆಟ್ಟದ ಸಾಲು. ನೈಋತ್ಯ ಮುಂಗಾರು ಆ ಬೆಟ್ಟದ ಲಾವೋಸ್ ಕಡೆಯೇ ಸುರಿದು ಬರಿದಾಗುತ್ತದೆ. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗಕ್ಕೆ ಬರುವ ಹೊತ್ತಿಗೆ ಖಾಲಿಯಾಗಿರುವುದಿಲ್ಲವೇ, ಹಾಗೆ. ಜೂನ್, ಜುಲೈನಲ್ಲಿ ಡಾ ನಾಂಗ್ ಕಡೆ ಒಣ ಸೆಕೆ. ಗಾಳಿ ತಿರುಗಿ ಈಶಾನ್ಯದ ಸಮುದ್ರದಿಂದ ಬೀಸತೊಡಗಿದಾಗ ಅದೇ ಬೆಟ್ಟ ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಆಗ ನಡುಭಾಗದ ಊರುಗಳಾದ ಹುಯೆ, ಡಾ ನಾಂಗ್, ಹೋಯ್ ಆನ್ ಮೂರೂ ನೆನೆಯುತ್ತವೆ. ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಇದೇ ಕಥೆ, ಅಕ್ಟೋಬರ್, ನವೆಂಬರ್ ಅದರ ಜೋರು ಕಾಲ. ಚೆನ್ನೈಗೂ ಮಳೆ ಬರುವುದು ಇದೇ ಕಾಲದಲ್ಲಿ, ಇದೇ ದಿಕ್ಕಿನ ಗಾಳಿಯಿಂದ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 1,000 ಮಿಲಿಮೀಟರ್. ಹುಯೆಯಲ್ಲಿ ಅದರ ಎರಡೂವರೆ ಪಟ್ಟಿಗೂ ಜಾಸ್ತಿ, ಅದರ ದೊಡ್ಡ ಪಾಲು ಈ ನಾಲ್ಕು ತಿಂಗಳಲ್ಲೇ. 2020ರ ಅಕ್ಟೋಬರ್‌ನಲ್ಲಿ ಆ ಭಾಗದಲ್ಲಿ ಬಂದ ಪ್ರವಾಹ ಬಹಳ ಜನರನ್ನು ಬಲಿ ತೆಗೆದುಕೊಂಡಿತು.

ಹಾಗಾಗಿ ನಿಮ್ಮ ಮುಂದೆ ಎರಡು ದಾರಿ.

ನಾಲ್ಕೂ ಊರು ಬೇಕೇ ಬೇಕು ಅಂದರೆ ಮಾರ್ಚ್‌ಗೆ ಹೋಗಿ. ಉತ್ತರದಲ್ಲಿ ಜಿನುಗು ಮಳೆ ಇದ್ದರೂ ಹಿತವಾಗಿರುತ್ತದೆ, ನಡುವೆ ಒಣ ಬಿಸಿಲು, ದಕ್ಷಿಣದಲ್ಲಿ ಸೆಕೆ ಇದ್ದರೂ ಮಳೆ ಇಲ್ಲ. ನಿವೃತ್ತರಿಗೆ ಶಾಲೆಯ ಪರೀಕ್ಷೆಯ ಕಾಟವಿಲ್ಲವಲ್ಲ. ಅಲ್ಲಿನ ಹೊಸ ವರ್ಷ ಟೆಟ್ ಮುಗಿದ ಮೇಲೆ ಹೋಗಿ ಅಷ್ಟೇ. ನಮ್ಮ ಯುಗಾದಿಯ ಹಾಗೆ ಅದೂ ಚಂದ್ರನ ಲೆಕ್ಕದ ಹಬ್ಬ, ಜನವರಿ ಕೊನೆಯಿಂದ ಫೆಬ್ರವರಿ ನಡುವೆ ಯಾವಾಗಲಾದರೂ ಬರುತ್ತದೆ. 2027ರಲ್ಲಿ ಫೆಬ್ರವರಿ 6ಕ್ಕೆ. ಆ ವಾರ ಇಡೀ ದೇಶ ಊರಿಗೆ ಹೋಗಿರುತ್ತದೆ. ರೈಲು ತುಂಬಿರುತ್ತವೆ, ಎಷ್ಟೋ ಹೋಟೆಲು ಬಾಗಿಲು ಹಾಕಿರುತ್ತವೆ.

ಅಕ್ಟೋಬರ್ ಬಿಡಲಾಗದಿದ್ದರೆ ನಡುಭಾಗದ ಡಾ ನಾಂಗ್, ಹೋಯ್ ಆನ್ ಎರಡನ್ನೂ ಕೈಬಿಡಿ. ಹನೋಯ್‌ಗೆ ಅದು ವರ್ಷದ ಅತ್ಯುತ್ತಮ ಕಾಲ. ಅಲ್ಲಿಂದ ನಿನ್ ಬಿನ್ ನೋಡಿ, ಗದ್ದೆಗಳ ನಡುವೆ ಎದ್ದು ನಿಂತ ಸುಣ್ಣಕಲ್ಲಿನ ಬೆಟ್ಟಗಳು. ಆಮೇಲೆ ನೇರ ಹೋ ಚಿ ಮಿನ್ ಸಿಟಿಗೆ ಹಾರಿ, ಮೆಕಾಂಗ್ ನದಿಯ ಕಡೆ ಒಂದು ದಿನ. ದಕ್ಷಿಣದಲ್ಲಿ ಆಗ ಮಳೆಗಾಲದ ಕೊನೆ. ಮಧ್ಯಾಹ್ನ ಒಂದು ಗಂಟೆ ಜೋರಾಗಿ ಸುರಿದು ನಿಂತುಬಿಡುತ್ತದೆ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಸೆಕೆಗೆ. ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ ಕೂತು ಬೆಳೆದವರು. ಅಲ್ಲಿ ವರ್ಷವಿಡೀ ಮಂಗಳೂರಿನ ಏಪ್ರಿಲ್. ಅತ್ತೆಯವರಿಗೆ ಹಗುರ ಹತ್ತಿ ಸೀರೆ, ಬೆಳಿಗ್ಗೆ ಎಂಟರಿಂದ ಹನ್ನೊಂದರ ತನಕ ತಿರುಗಾಟ, ಮಧ್ಯಾಹ್ನ ರೂಮಿನಲ್ಲಿ ನಿದ್ದೆ. ಈ ಒಂದು ಶಿಸ್ತು ಇಟ್ಟುಕೊಳ್ಳಿ.

ಹವೆ ನೋಡುವಾಗ ಮುಂದಿನ ಹತ್ತು ದಿನದ ಮುನ್ಸೂಚನೆಯಲ್ಲ, ಊರೂರಿನ ತಿಂಗಳವಾರು ಸರಾಸರಿ ನೋಡಿ. ಉಷ್ಣಾಂಶಕ್ಕಿಂತ ಮಳೆಯ ಅಂಕಿ ಮುಖ್ಯ.

ಇನ್ನು ಊಟ. ನಿಮ್ಮ ಪತ್ರದಲ್ಲಿ ಹೆಚ್ಚು ಆತಂಕ ಕಂಡದ್ದು ಇಲ್ಲೇ. ಒಂದೇ ಒಂದು ಪದ ಕಲಿಯಿರಿ: ಚಯ್. ನಮ್ಮ ಚಾಯ್ ಥರ ಕೇಳಿಸಿದರೂ ಟೀಗೂ ಅದಕ್ಕೂ ಸಂಬಂಧವಿಲ್ಲ. ಚಯ್ ಅಂದರೆ ಸಸ್ಯಾಹಾರ. ಅಲ್ಲಿನ ಬರವಣಿಗೆ ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ, ಹಾಗಾಗಿ ಸಿ, ಎಚ್, ಎ, ವೈ ಅಂತ ಬರೆದ ಬೋರ್ಡನ್ನು ನೀವೇ ಗುರುತಿಸಬಹುದು. ಇದು ವಿದೇಶಿಯರಿಗಾಗಿ ಹುಟ್ಟಿದ ಪದವಲ್ಲ. ಬೌದ್ಧರ ವ್ರತದ ಊಟ. ಅಲ್ಲಿನ ಬಹಳಷ್ಟು ಮನೆಗಳಲ್ಲಿ ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಮಾಂಸ ತಿನ್ನುವುದಿಲ್ಲ. ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆ ದಿನ ಬೀದಿಯಲ್ಲಿ ಚಯ್ ಊಟದ ಅಂಗಡಿಗಳು ಇದ್ದಕ್ಕಿದ್ದ ಹಾಗೆ ಹೆಚ್ಚುತ್ತವೆ. ಹೊರಡುವ ಮುಂಚೆ ಅಡುಗೆಮನೆಯ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್‌ನಲ್ಲಿ ಹುಣ್ಣಿಮೆ ಯಾವತ್ತು ಅಂತ ನೋಡಿಕೊಳ್ಳಿ. ಈ ವಿಷಯದಲ್ಲಿ ನಮ್ಮ ಪಂಚಾಂಗವೇ ಒಳ್ಳೆಯ ಗೈಡ್.

ಅತ್ತೆಯವರಿಗೆ ಇನ್ನೊಂದು ಸಂತೋಷದ ಸುದ್ದಿ. ಕಟ್ಟುನಿಟ್ಟಿನ ಬೌದ್ಧ ಚಯ್ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ನಿಷಿದ್ಧ. ಮಠದ ಊಟದ ಹಾಗೆ ಅನ್ನಿ. ಆದರೆ ಮಾಮೂಲಿ ಹೋಟೆಲಿನಲ್ಲಿ ಚಯ್ ಅಂದರೂ ಮೇಲೆ ಈರುಳ್ಳಿ ಸೊಪ್ಪು ಉದುರಿಸಿಬಿಡುತ್ತಾರೆ. ಆದ್ದರಿಂದ ಬರೀ ಚಯ್ ಮಾಡುವ ಅಂಗಡಿಗೇ ಹೋಗಿ, ಅಲ್ಲೂ ಒಮ್ಮೆ ಕೇಳಿ. ಬಾಯಲ್ಲಿ ಕೇಳಲು ಹೋಗಬೇಡಿ. ಅವರ ಭಾಷೆಯಲ್ಲಿ ಸ್ವರ ಏರಿಳಿದರೆ ಅರ್ಥವೇ ಬದಲು. "ನಾನು" ಅನ್ನುವುದಕ್ಕೂ "ಬೆಳ್ಳುಳ್ಳಿ" ಅನ್ನುವುದಕ್ಕೂ ನಮ್ಮ ಕಿವಿಗೆ ಕೇಳುವುದು ಒಂದೇ: ತೋಯ್. "ನಾನು ಸಸ್ಯಾಹಾರಿ" ಅನ್ನಲು ಹೋಗಿ "ಬೆಳ್ಳುಳ್ಳಿ ಸಸ್ಯಾಹಾರಿ" ಅಂದು ಬಂದವರಿದ್ದಾರೆ, ನಾನೂ ಒಬ್ಬ. ಮಾಂಸ, ಮೀನು, ಮೊಟ್ಟೆ, ಮೀನಿನ ಸಾಸ್, ಈರುಳ್ಳಿ, ಬೆಳ್ಳುಳ್ಳಿ ಬೇಡ ಅಂತ ಅವರ ಭಾಷೆಯಲ್ಲಿ ಒಂದು ಕಾರ್ಡ್ ಮಾಡಿ, ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಮೂವರ ಪರ್ಸಿನಲ್ಲೂ ಇಡಿ. ಇಲ್ಲಿ ಮಗನ ಫೋನ್ ಕೆಲಸಕ್ಕೆ ಬರುತ್ತದೆ.

ಮೀನಿನ ಸಾಸ್ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಶ್ನೆ ಸರಿಯಾಗಿ ಕೇಳದಿದ್ದರೆ ಏನಾಗುತ್ತದೆ ಅನ್ನುವುದು ಇಲ್ಲೇ ಗೊತ್ತಾಗುವುದು. "ಮಾಂಸ ಇದೆಯಾ?" ಅಂದರೆ "ಇಲ್ಲ" ಅನ್ನುತ್ತಾರೆ. ನಿಜ ಕೂಡ. ಆದರೆ ಸಣ್ಣ ಮೀನನ್ನು ಉಪ್ಪಿನಲ್ಲಿ ಹಾಕಿ ತಿಂಗಳುಗಟ್ಟಲೆ ಹುಳಿ ಬರಿಸಿ ಇಳಿಸಿದ ರಸ ಅವರಿಗೆ ನಮ್ಮ ಉಪ್ಪು, ಒಗ್ಗರಣೆ ಇದ್ದ ಹಾಗೆ. ಬರೀ ಸೊಪ್ಪಿನ ಪಲ್ಯಕ್ಕೂ ಬೀಳುತ್ತದೆ. ನಾವು ಹೋಟೆಲಿನಲ್ಲಿ "ಸಾರಿಗೆ ಉಪ್ಪು ಹಾಕಿದ್ದೀರಾ" ಅಂತ ಕೇಳುತ್ತೇವೆಯೇ? ಅವರೂ ಅದನ್ನು ಬೇರೆ ಲೆಕ್ಕ ಹಿಡಿಯುವುದಿಲ್ಲ. ಬದಲಿಗೆ ಸೋಯಾ ಸಾಸ್ ಹಾಕಿ ಅಂತ ಕಾರ್ಡಿನಲ್ಲೇ ಬರೆಸಿ. ಫ ಅನ್ನುವ ಪ್ರಸಿದ್ಧ ನೂಡಲ್ಸ್ ಸಾರು ಮಾಮೂಲಿಯಾಗಿ ಮೂಳೆ ಬೇಯಿಸಿದ ನೀರಿನದು. ಮಾಂಸದ ಚೂರು ತೆಗೆದು ಕೊಟ್ಟರೆ ಅದು ಸಸ್ಯಾಹಾರ ಆಗುವುದಿಲ್ಲ. ಚಯ್ ಅಂಗಡಿಯ ಫ ಬೇರೆ, ಅದನ್ನು ಧಾರಾಳವಾಗಿ ತಿನ್ನಿ. ಹಾಂ, ಚಯ್ ಅಂಗಡಿಯಲ್ಲಿ ತಟ್ಟೆಯಲ್ಲಿ ಮೀನಿನ ಆಕಾರದ್ದು ಕಂಡರೆ ಅತ್ತೆಯವರು ಎದ್ದುಬಿಡದಂತೆ ಮೊದಲೇ ಹೇಳಿಡಿ. ಅದು ಸೋಯಾ, ಗೋಧಿಯ ಅಂಟಿನಿಂದ ಮಾಡಿದ್ದು.

ಹೆದರಿಸಿದ್ದು ಸಾಕು. ಮೂಲದಲ್ಲಿ ಅದು ಅಕ್ಕಿಯ ದೇಶ, ನಮಗೆ ಪರಕೀಯ ಅನಿಸುವುದಿಲ್ಲ. ಬಾನ್ ಸೆಯೋ ಅಂತ ಒಂದು ದೋಸೆ ಇದೆ. ಅಕ್ಕಿಹಿಟ್ಟು, ಅರಿಶಿನ. ಹಳದಿ ನೋಡಿ ಎಲ್ಲರೂ ಮೊಟ್ಟೆ ಅಂದುಕೊಳ್ಳುತ್ತಾರೆ. ಸೆಯೋ ಅಂದರೆ ಕಾದ ಬಾಣಲೆಗೆ ಹಿಟ್ಟು ಬಿದ್ದಾಗ ಬರುವ ಸದ್ದು, ನಮ್ಮ ಚುಂಯ್! ಸಾಮಾನ್ಯವಾಗಿ ಒಳಗೆ ಸಿಗಡಿ, ಹಂದಿ ಮಾಂಸ ಇರುತ್ತದೆ, ಆದ್ದರಿಂದ ಚಯ್ ಅಂಗಡಿಯದ್ದೇ ಬೇಕು. ಅಕ್ಟೋಬರ್‌ನಲ್ಲೇ ಹನೋಯ್‌ಗೆ ಹೋಗುವುದಾದರೆ ಕೋಮ್ ಹುಡುಕಿ. ಎಳೆ ಅಂಟಕ್ಕಿಯ ಭತ್ತವನ್ನು ಹುರಿದು ಕುಟ್ಟಿದ ಹಸಿರು ಅವಲಕ್ಕಿ. ಮುದುಕಿಯರು ಬುಟ್ಟಿಯಲ್ಲಿಟ್ಟುಕೊಂಡು ಮಾರುತ್ತಾರೆ. ತಾವರೆ ಎಲೆ ಹಾಸಿ, ಒಂದು ಹಿಡಿ ಸುರಿದು, ಮಡಚಿ, ಹುಲ್ಲಿನ ಎಳೆಯಲ್ಲಿ ಕಟ್ಟಿ ಕೊಡುತ್ತಾರೆ. ಬಿಚ್ಚಿದಾಗ ಬರುವ ವಾಸನೆ ಹಸಿ ಗದ್ದೆಯದ್ದು. ಬಾಳೆಹಣ್ಣಿನ ಜೊತೆ ತಿನ್ನುವುದು ಅಲ್ಲಿನ ರೂಢಿ. ನಮ್ಮ ಅಮ್ಮ ಇದ್ದಿದ್ದರೆ ಅದಕ್ಕೆ ಕಾಯಿತುರಿ, ಬೆಲ್ಲ ಹಾಕುತ್ತಿದ್ದರು.

ಕಾಫಿಯ ವಿಷಯದಲ್ಲಿ ನೀವು ಬೆಂಗಳೂರಿನವರು ಅಂತ ಜಂಬ ಪಡಬೇಡಿ. ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು. ಗಿಡ ತಂದವರು ಫ್ರೆಂಚರು. ಅವರದೂ ಫಿಲ್ಟರ್ ಕಾಫಿಯೇ, ಲೋಟದ ಮೇಲೆ ಕೂರುವ ಪುಟ್ಟ ಫಿಲ್ಟರ್, ತೊಟ್ಟು ತೊಟ್ಟಾಗಿ ಡಿಕಾಕ್ಷನ್. ತಾಜಾ ಹಾಲು ಸಿಗದ ಕಾಲದಲ್ಲಿ ಡಬ್ಬಿಯ ಗಟ್ಟಿ ಸಿಹಿ ಹಾಲು ಹಾಕಿ ಅಭ್ಯಾಸವಾಯಿತು, ಇವತ್ತಿಗೂ ಅದೇ. ಹನೋಯ್‌ನಲ್ಲಿ ಹಾಲಿನ ಬದಲು ಮೊಟ್ಟೆಯ ಹಳದಿ ಕಡೆದು ಹಾಕಿದ ಕಾಫಿ ಇದೆ. ನೋಡಲು ನಮ್ಮ ನೊರೆ ಕಾಫಿಯ ಹಾಗೇ ಇರುತ್ತದೆ, ಎಚ್ಚರ.

ಊಟದ ಮೇಜಿನ ಬಳಿಯೇ ಇನ್ನೊಂದು ವಿಷಯ ಎದುರಾಗುತ್ತದೆ. ಹೋದ ಐದೇ ನಿಮಿಷಕ್ಕೆ ಬಡಿಸುವ ಹುಡುಗಿ ನಿಮ್ಮ ವಯಸ್ಸು ಕೇಳಬಹುದು. ಬೇಸರ ಬೇಡ. ನೀನು, ನೀವು ಅನ್ನುವ ಜಾಗದಲ್ಲಿ ಅವರು ಅಕ್ಕ, ಅಣ್ಣ, ಅಜ್ಜಿ, ತಂಗಿ ಅನ್ನುತ್ತಾರೆ. ನಿಮ್ಮನ್ನು ಅಕ್ಕ ಅನ್ನಬೇಕೋ ಚಿಕ್ಕಮ್ಮ ಅನ್ನಬೇಕೋ ಗೊತ್ತಾಗದೆ ವಾಕ್ಯವೇ ಮುಂದೆ ಹೋಗುವುದಿಲ್ಲ. ನಿಮ್ಮ ಅತ್ತೆಯವರಿಗೆ "ಬಾ" ಅನ್ನುತ್ತಾರೆ, ಅಂದರೆ ಅಜ್ಜಿ. ಯಾರೋ "ಬಾ, ಬಾ" ಅಂತ ಏಕವಚನದಲ್ಲಿ ಕರೆಯುತ್ತಿದ್ದಾರೆ ಅಂತ ಅವರು ಸಿಟ್ಟಾಗದಿರಲಿ!

ಇತಿಹಾಸಕ್ಕೆ ದಪ್ಪ ಪುಸ್ತಕ ಬೇಡ. ನಾನು ಹೇಳಿಕೊಡುವ ಉಪಾಯ ಬೀದಿಯ ಹೆಸರು. ವಿಯೆಟ್ನಾಂನ ಯಾವ ಊರಿಗೆ ಹೋದರೂ ದೊಡ್ಡ ರಸ್ತೆಗಳಿಗೆ ಅವವೇ ಹೆಸರು. ನಮ್ಮಲ್ಲಿ ಊರೂರಿಗೂ ಒಂದು ಎಂ.ಜಿ. ರೋಡ್ ಇರುವ ಹಾಗೆ. ನಾಲ್ಕು ಹೆಸರು ಗೊತ್ತಿದ್ದರೆ ಎರಡು ಸಾವಿರ ವರ್ಷ ಕೈಗೆ ಬರುತ್ತದೆ. ಹಾಯ್ ಬಾ ತ್ರುಂಗ್ ಅಂದರೆ ತ್ರುಂಗ್ ಮನೆಯ ಇಬ್ಬರು ಅಕ್ಕತಂಗಿಯರು. ಕ್ರಿ.ಶ. 40ರಲ್ಲಿ ಚೀನಾದ ಆಳ್ವಿಕೆಯ ವಿರುದ್ಧ ದಂಗೆ ಎದ್ದವರು, ಮೂರು ವರ್ಷದಲ್ಲಿ ಸೋತವರು. ಸೋತರೂ ಜನ ಮರೆತಿಲ್ಲ, ನಮ್ಮ ಕಿತ್ತೂರು ಚೆನ್ನಮ್ಮನ ಹಾಗೆ. ತ್ರಾನ್ ಹುಂಗ್ ದಾವ್ 1288ರಲ್ಲಿ ಮಂಗೋಲರ ಹಡಗುಗಳನ್ನು ಮುಗಿಸಿದ ಸೇನಾಪತಿ. ನದಿಯ ತಳದಲ್ಲಿ ಚೂಪು ಗೂಟ ನೆಟ್ಟು, ಸಮುದ್ರದ ಭರತಕ್ಕೆ ನೀರು ಏರಿದಾಗ ಶತ್ರುವನ್ನು ಒಳಗೆ ಬಿಟ್ಟುಕೊಂಡು, ನೀರು ಇಳಿದಾಗ ಹೊಡೆದ. ಲೇ ಲೋಯ್ ಹತ್ತು ವರ್ಷ ಮಿಂಗ್ ಚೀನಿಯರ ಜೊತೆ ಹೋರಾಡಿ 1428ರಲ್ಲಿ ರಾಜನಾದವನು. ಗೆದ್ದ ಮೇಲೆ ದೇವರು ಕೊಟ್ಟ ಕತ್ತಿಯನ್ನು ಆಮೆಯೊಂದು ವಾಪಸು ತೆಗೆದುಕೊಂಡಿತಂತೆ. ಹನೋಯ್‌ನ ನಡುವೆ ನೀವು ಸುತ್ತು ಹಾಕುವ ಹೋವಾನ್ ಕಿಯೆಮ್ ಕೆರೆಯ ಹೆಸರಿನ ಅರ್ಥವೇ "ಮರಳಿಸಿದ ಕತ್ತಿ". ದಿಯೆನ್ ಬಿಯೆನ್ ಫು 1954ರಲ್ಲಿ ಫ್ರೆಂಚರು ಸೋತು ಶರಣಾದ ಕಣಿವೆ.

ಅಮೆರಿಕದ ಯುದ್ಧ ನಾಲ್ಕರಲ್ಲೂ ಇಲ್ಲ, ನೋಡಿದಿರಾ? ನಮಗೆ ವಿಯೆಟ್ನಾಂ ಅಂದರೆ ಅದೊಂದೇ ನೆನಪು. ಅವರಿಗೆ ಅದು ದೊಡ್ಡ ಸಾಲಿನಲ್ಲಿ ಕೊನೆಯ ಕಡೆಯ ಒಂದು. ಅದನ್ನು ಅವರು ಕರೆಯುವುದು "ಅಮೆರಿಕನ್ ಯುದ್ಧ" ಅಂತ. 1975ರ ಏಪ್ರಿಲ್ 30ಕ್ಕೆ ಮುಗಿಯಿತು, ಮರುವರ್ಷ ಸೈಗಾನ್‌ಗೆ ಹೋ ಚಿ ಮಿನ್ ಸಿಟಿ ಅಂತ ಹೆಸರಾಯಿತು. ಹಳಬರು ಈಗಲೂ ಸೈಗಾನ್ ಅನ್ನುತ್ತಾರೆ, ನಮ್ಮವರು ಕೆಂಪೇಗೌಡ ಬಸ್ ನಿಲ್ದಾಣವನ್ನು ಮೆಜೆಸ್ಟಿಕ್ ಅನ್ನುವ ಹಾಗೆ. ಅಲ್ಲಿನ ಯುದ್ಧದ ಮ್ಯೂಸಿಯಂನ ಫೋಟೊಗಳು ಬಹಳ ಘೋರ. ಅತ್ತೆಯವರನ್ನು ಒಳಗೆ ಕರೆದುಕೊಂಡು ಹೋಗಬೇಡಿ. ಅವರಿಗೆ ಅದೇ ಊರಿನ ಮಾರಿಯಮ್ಮನ ಗುಡಿ ತೋರಿಸಿ. ತಮಿಳು ವ್ಯಾಪಾರಿಗಳು ಕಟ್ಟಿಸಿದ್ದು, ಈಗ ಪೂಜೆಗೆ ಬರುವವರಲ್ಲಿ ಹೆಚ್ಚಿನವರು ವಿಯೆಟ್ನಾಂ ಜನ. ಗೋಡೆಯ ಕಲ್ಲಿಗೆ ಹಣೆ ಒತ್ತಿ ಪಿಸುಗುಟ್ಟುತ್ತಾರೆ.

ನಮಗೆ ಇನ್ನೂ ಹತ್ತಿರದ್ದು ಚಂಪಾ. ನಡುಭಾಗದ ಕರಾವಳಿಯನ್ನು ಸಾವಿರ ವರ್ಷಕ್ಕೂ ಮೀರಿ ಆಳಿದ ಚಾಮ್ ಜನರ ರಾಜ್ಯಗಳು. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಮಿ ಸೋನ್ ಕಣಿವೆಯಲ್ಲಿ ಅವರ ಶಿವಾಲಯಗಳಿವೆ. ಅಲ್ಲಿ ಮೊದಲ ಗುಡಿ ಕಟ್ಟಿಸಿದವನು ಭದ್ರವರ್ಮ, 4ನೇ ಶತಮಾನ. ಬನವಾಸಿಯಲ್ಲಿ ನಮ್ಮ ಮಯೂರಶರ್ಮ ಇದ್ದ ಶತಮಾನವೇ. ಲಿಂಗಕ್ಕೆ ತನ್ನ ಹೆಸರು ಸೇರಿಸಿ ಭದ್ರೇಶ್ವರ ಅಂದ. ಪಟ್ಟದಕಲ್ಲಿನಲ್ಲಿ ವಿಜಯಾದಿತ್ಯ ಕಟ್ಟಿಸಿದ್ದು ವಿಜಯೇಶ್ವರ, ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ ಆದ ಹಾಗೆ. ಶಾಸನಗಳು ಸಂಸ್ಕೃತದಲ್ಲೂ ಇವೆ, ಚಾಮ್ ಭಾಷೆಯಲ್ಲೂ ಇವೆ. ಗುಡಿಗಳು ಕಲ್ಲಿನವಲ್ಲ, ಇಟ್ಟಿಗೆಯವು. ಎರಡು ಇಟ್ಟಿಗೆಗಳ ನಡುವೆ ಗಾರೆ ಹುಡುಕಿ ನೋಡಿ, ಉಗುರು ಹೋಗುವಷ್ಟೂ ಸಂದು ಸಿಗುವುದಿಲ್ಲ. 1969ರಲ್ಲಿ ಅಮೆರಿಕದ ಬಾಂಬ್ ಬಿದ್ದು ಅತಿ ದೊಡ್ಡ ಗೋಪುರ ನಾಶವಾಯಿತು. ಬಾಂಬಿನ ಗುಂಡಿಗಳು ಹುಲ್ಲು ಬೆಳೆದು ಹಾಗೇ ಇವೆ. ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣೆಯವರು ಅಲ್ಲಿ ಜೀರ್ಣೋದ್ಧಾರ ಮಾಡುತ್ತಿದ್ದಾಗ, 2020ರ ಮೇ ತಿಂಗಳಲ್ಲಿ, 9ನೇ ಶತಮಾನದ ಇಡಿಯಾದ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು. ಹಳೆಯ ಪುಸ್ತಕಗಳಲ್ಲಿ ಈ ಜಾಗ ಕ್ವಾಂಗ್ ನಾಮ್ ಪ್ರಾಂತ್ಯ ಅಂತ ಇರುತ್ತದೆ. 2025ರ ಜುಲೈ 1ರಿಂದ ಅದು, ಹೋಯ್ ಆನ್ ಎರಡೂ ಡಾ ನಾಂಗ್‌ಗೆ ಸೇರಿವೆ, ಗೊಂದಲ ಬೇಡ.

ನನ್ನ ಜೊತೆ ಬಂದಿದ್ದ ಒಬ್ಬ ಅಜ್ಜಿ ಅಲ್ಲಿ ಬರಿದಾದ ಪಾಣಿಪೀಠದ ಮುಂದೆ ಚಪ್ಪಲಿ ಬಿಟ್ಟು ನಿಂತುಬಿಟ್ಟರು. ಮೇಲೆ ಲಿಂಗವಿಲ್ಲ, ನೀರು ಹೋಗುವ ತೋಡು ಮಾತ್ರ. "ಅಭಿಷೇಕದ ನೀರು ಈ ಕಡೆ ಅಲ್ವೇನಪ್ಪ ಹೋಗ್ತಿದ್ದಿದ್ದು" ಅಂತ ಉತ್ತರದ ಕಡೆ ಕೈ ತೋರಿಸಿದರು. ಗೈಡ್ ಹುಡುಗ ದಂಗಾದ. ಅವನು ಹೇಳಬೇಕೆಂದಿದ್ದ ಮಾತೇ ಅದು.

ಅಕ್ಟೋಬರ್‌ನಲ್ಲಿ ಹೋಗಿ ಮಿ ಸೋನ್ ತಪ್ಪಿದರೆ, ಹನೋಯ್ ಮತ್ತು ಹೋ ಚಿ ಮಿನ್ ಸಿಟಿಯ ಇತಿಹಾಸ ಮ್ಯೂಸಿಯಂಗಳಲ್ಲಿ ಚಾಮ್ ಶಿಲ್ಪಗಳಿವೆ. ಆದರೂ ನಾನಾಗಿದ್ದರೆ ಮಾರ್ಚ್ ತನಕ ಕಾಯುತ್ತಿದ್ದೆ, ಇದೊಂದಕ್ಕಾಗಿಯೇ.

ಪ್ಯಾಕೆಟ್ ಬಗ್ಗೆ ಕೇಳಿದ್ದಿರಿ. ಮೂವರಿಗೆ ಹತ್ತು ಸಾಕು. ಬಿಸಿನೀರು ಹಾಕಿದರೆ ಆಗುವ ಅವಲಕ್ಕಿ, ಉಪ್ಪಿಟ್ಟಿನ ಥರದ್ದೇ ಇರಲಿ, ರಾತ್ರಿ ತಡವಾಗಿ ಊರು ತಲುಪುವ ದಿನಗಳಿಗೆ. ಚಟ್ನಿಪುಡಿ ಒಂದು ಡಬ್ಬಿ ಜಾಸ್ತಿಯೇ ಇರಲಿ. ಅಲ್ಲಿನ ಅನ್ನ ಸ್ವಲ್ಪ ಅಂಟು, ಆದರೆ ಬಿಸಿಯಾಗಿ ಎಲ್ಲಾ ಕಡೆ ಸಿಗುತ್ತದೆ.